ಇರುಳಿನ ಪಾಳಿ, ಲೈಸೆನ್ಸಿನ ಮೆಟ್ಟಿಲು: ಅಣುವಿದ್ಯುತ್ ಸ್ಥಾವರಗಳಲ್ಲಿ ಮಹಿಳೆಯರ ಕೊರತೆಗೆ ಮತ್ತೊಂದು ಕಾರಣ

ಅಣುಶಕ್ತಿ ಕ್ಷೇತ್ರದಲ್ಲಿ ಮಹಿಳೆಯರು ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಭೌತವಿಜ್ಞಾನ, ಇಂಜಿನಿಯರಿಂಗ್ ಓದುವ ಹುಡುಗಿಯರೇ ಕಡಿಮೆ, ಓದಿ ಕೆಲಸಕ್ಕೆ ಸೇರಿದವರಲ್ಲೂ ಹಲವರು ನಡುದಾರಿಯಲ್ಲಿ ಬಿಡುತ್ತಾರೆ ಎಂಬುದು ಮೊದಲನೆಯದು. ವಿಕಿರಣದ ನಡುವಿನ ಕೆಲಸ ಹೊಟ್ಟೆಯೊಳಗಿನ ಕೂಸಿಗೆ ಅಪಾಯ, ಹಾಗಾಗಿ ಕೆಲಸದ ಸ್ವಭಾವವೇ ಮಹಿಳೆಯರನ್ನು ದೂರವಿಡುತ್ತದೆ ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಭಾರತದ ಅಣುವಿದ್ಯುತ್ ಸ್ಥಾವರಗಳ ಮಟ್ಟಿಗೆ ಇವೆರಡೂ ಒಂದು ಮುಖ್ಯ ಕಾರಣವನ್ನು ಗಮನಿಸಿಲ್ಲ ಎಂಬುದು ಈ ಲೇಖನದ ವಾದ. ಆ ಕಾರಣಕ್ಕೂ ವಿಕಿರಣಕ್ಕೂ ಸಂಬಂಧವಿಲ್ಲ. ಅದು 1948ರ ಕಾರ್ಖಾನೆಗಳ ಕಾಯಿದೆಯಲ್ಲಿ, 66ನೇ ಕಲಮಿನಲ್ಲಿಯೂ ಅದಕ್ಕಿಂತ ಮುಖ್ಯವಾಗಿ 64ನೇ ಕಲಮಿನ ಒಂದು ಉಪವಾಕ್ಯದಲ್ಲಿಯೂ ಇತ್ತು.

ಈವರೆಗಿನ ಚರ್ಚೆ

ಇಂದಿನ ಸ್ಥಿತಿಯ ಬಗ್ಗೆ ಹೆಚ್ಚು ವಿವಾದವಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಅಣುಶಕ್ತಿ ಸಂಸ್ಥೆಯು 17 ದೇಶಗಳ 96 ಸಂಸ್ಥೆಗಳಿಂದ ಮಾಹಿತಿ ಪಡೆದು 2023ರಲ್ಲಿ ವರದಿ ಪ್ರಕಟಿಸಿತು. ಅದರ ಪ್ರಕಾರ ಕ್ಷೇತ್ರದ ಉದ್ಯೋಗಿಗಳಲ್ಲಿ ಮಹಿಳೆಯರು ನಾಲ್ಕನೇ ಒಂದು ಪಾಲು. ವಿಜ್ಞಾನ, ತಂತ್ರಜ್ಞಾನದ ಹುದ್ದೆಗಳಲ್ಲಿ ಈ ಪಾಲು ಇನ್ನೂ ಕಡಿಮೆ, ಉನ್ನತ ಅಧಿಕಾರ ಸ್ಥಾನಗಳಲ್ಲಿ ಮತ್ತೂ ಕಡಿಮೆ. ಅದೇ ವರ್ಷ ಆ ಸಂಘಟನೆಯ ಮಂಡಳಿಯು ಸದಸ್ಯ ರಾಷ್ಟ್ರಗಳಿಗೆ ಶಿಫಾರಸನ್ನೂ ಹೊರಡಿಸಿತು. ಮಹಿಳೆಯರನ್ನು ಸೆಳೆಯಬೇಕು, ಉಳಿಸಿಕೊಳ್ಳಬೇಕು, ಮೇಲೆ ತರಬೇಕು ಎಂಬುದು ಅದರ ಸಾರ. ಭಾರತ ಆ ಸಂಸ್ಥೆಯ ಸದಸ್ಯ ರಾಷ್ಟ್ರವಲ್ಲ. ನಮ್ಮಲ್ಲಿ ಒಟ್ಟು ಸಂಶೋಧನೆ ಮತ್ತು ಅಭಿವೃದ್ಧಿ ಕ್ಷೇತ್ರವನ್ನು ತೆಗೆದುಕೊಂಡರೆ, 2018ರ ಏಪ್ರಿಲ್ ವೇಳೆಗೆ ಮಹಿಳೆಯರ ಪಾಲು ಶೇ. 16.6 ಎಂದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಂಕಿಅಂಶ ಹೇಳುತ್ತದೆ.

ಇತಿಹಾಸದ ಕಡೆ ಬಂದರೆ, ಈ ಕ್ಷೇತ್ರ ಹುಟ್ಟಿನಿಂದಲೇ ಗಂಡಸರದಾಗಿರಲಿಲ್ಲ ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ಮೇರಿ ಕ್ಯೂರಿ, ಲೀಸ್ ಮೈಟ್ನರ್, ಐರೀನ್ ಜೋಲಿಯೊ ಕ್ಯೂರಿಯವರ ಹೆಸರು ಎಲ್ಲರಿಗೂ ಗೊತ್ತು. ಇವರ ಸುತ್ತ ದೊಡ್ಡದೊಂದು ಮಹಿಳಾ ಬಳಗವೇ ಇತ್ತು ಎಂಬುದನ್ನು ಮರ್ಲೀನ್ ಮತ್ತು ಜೆಫ್ರಿ ರೇನರ್-ಕ್ಯಾನಮ್ ದಂಪತಿ 1997ರಲ್ಲಿ ಸಂಪಾದಿಸಿದ ಗ್ರಂಥ ತೋರಿಸಿತು. ಹೊಸ ಕ್ಷೇತ್ರವಾದ್ದರಿಂದ ಅಲ್ಲಿ ಜಾಗವಿತ್ತು, ಉದಾರ ಮನಸ್ಸಿನ ಮುಖ್ಯಸ್ಥರೂ ಇದ್ದರು ಎಂಬುದು ಅವರ ವಿವರಣೆ. ಮಾರಿಯಾ ರೆಂಟೆಟ್ಸಿ ಇದನ್ನು ತಿದ್ದಿದರು. ವಿಯೆನ್ನಾದ ರೇಡಿಯಂ ಸಂಸ್ಥೆಯನ್ನು ಅಭ್ಯಾಸ ಮಾಡಿದ ಅವರು, ಆ ನಗರದ ರಾಜಕೀಯ ಮತ್ತು ಪ್ರಯೋಗಾಲಯದ ಕಟ್ಟಡ ವಿನ್ಯಾಸಗಳಿಗೂ ಇದರಲ್ಲಿ ಪಾತ್ರವಿತ್ತು ಎಂದರು. ಭಾರತದ ಸಂದರ್ಭದಲ್ಲಿ ಬೆಂಗಳೂರಿನ ರಾಮನ್ ಪ್ರಯೋಗಾಲಯದ ಮಹಿಳೆಯರ ಬಗ್ಗೆ ಆಭಾ ಸೂರ್ ಬರೆದಿದ್ದಾರೆ. 1949ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಬಿಭಾ ಚೌಧುರಿಯವರನ್ನು ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಮರೆವಿನಿಂದ ಹೊರತಂದಿದ್ದಾರೆ.

ಈ ಅಧ್ಯಯನಗಳ ಬೆಲೆ ದೊಡ್ಡದು. ಆದರೆ ಬಹುಪಾಲು ಎಲ್ಲವೂ ಪ್ರಯೋಗಾಲಯದ ಕಥೆಗಳು. ಅಣುಶಕ್ತಿ ಉದ್ಯಮವಾದ ಮೇಲೆ, ವಿದ್ಯುತ್ ಉತ್ಪಾದಿಸುವ ಸ್ಥಾವರದಲ್ಲಿ ಏನಾಯಿತು ಎಂಬುದರ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆ. ಅಧಿಕಾರ ಇರುವುದು ಅಲ್ಲಿಯೇ.

ಮಾರ್ಗರೆಟ್ ರಾಸಿಟರ್ ಅವರ ವಿಂಗಡಣೆ ಮತ್ತು ಒಂದು ತಕರಾರು

ವಿಜ್ಞಾನ ಕ್ಷೇತ್ರದ ಮಹಿಳೆಯರನ್ನು ಕುರಿತ ಚರ್ಚೆಗೆ ಭದ್ರ ಚೌಕಟ್ಟು ಕೊಟ್ಟವರು ಅಮೆರಿಕದ ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್. 1982ರ ತಮ್ಮ ಗ್ರಂಥದಲ್ಲಿ ಅವರು ಎರಡು ಬಗೆಯ ಪ್ರತ್ಯೇಕೀಕರಣವನ್ನು ಗುರುತಿಸಿದರು. ಮಹಿಳೆಯರನ್ನು ಕೆಲವು ಬಗೆಯ ಕೆಲಸಗಳಿಗಷ್ಟೇ ಸೀಮಿತಗೊಳಿಸುವುದು ಒಂದು, ಇದು ಕ್ಷೇತ್ರದ ಗಡಿ. ಯಾವ ಕೆಲಸದಲ್ಲಿದ್ದರೂ ಕೆಳಗಿನ ಹಂತದಲ್ಲೇ ಉಳಿಸುವುದು ಇನ್ನೊಂದು, ಇದು ಏಣಿಯ ಗಡಿ. ಅನಂತರದ ಅಧ್ಯಯನಗಳೂ ನೀತಿಪತ್ರಗಳೂ ಈ ಎರಡನ್ನು ಬೇರೆಬೇರೆಯಾಗಿಯೇ ಎಣಿಸುತ್ತ ಬಂದಿವೆ. ‘ಸೆಳೆಯುವುದು’ ಮತ್ತು ‘ಮೇಲೆ ತರುವುದು’ ಎಂಬ ಇಂದಿನ ವಿಂಗಡಣೆಯಲ್ಲಿಯೂ ಅದರ ನೆರಳಿದೆ.

ವಿಶ್ವವಿದ್ಯಾಲಯದ ಮಟ್ಟಿಗೆ ಈ ವಿಂಗಡಣೆ ಸರಿ. ಸಸ್ಯಶಾಸ್ತ್ರ ವಿಭಾಗದ ಅಧ್ಯಾಪಕಿಗೂ ಕುಲಪತಿಯಾಗುವ ದಾರಿ ಕಾಗದದ ಮೇಲಾದರೂ ತೆರೆದಿರುತ್ತದೆ. ಅಣುವಿದ್ಯುತ್ ಸ್ಥಾವರದಲ್ಲಿ ಹಾಗಿಲ್ಲ. ಅಲ್ಲಿ ಏಣಿಯನ್ನು ನಿಲ್ಲಿಸಿರುವುದೇ ಒಂದು ನಿರ್ದಿಷ್ಟ ಜಾಗದಲ್ಲಿ: ಪಾಳಿಯ ಮೇಲೆ ರಿಯಾಕ್ಟರ್ ನಡೆಸುವ ವಿಭಾಗದಲ್ಲಿ. ತರಬೇತಿ ಮುಗಿಸಿದ ಇಂಜಿನಿಯರ್ ಮೊದಲು ಸ್ಥಾವರದೊಳಗೆ ಸುತ್ತಬೇಕು. ಪಂಪು, ಕವಾಟ, ಶಾಖ ವಿನಿಮಯಕಗಳನ್ನು ಕೈಯಾರೆ ಮುಟ್ಟಿ ಅರಿಯಬೇಕು. ಆಮೇಲೆ ಪರೀಕ್ಷೆಗಳು, ಸಂದರ್ಶನ, ನಿಯಂತ್ರಣ ಕೊಠಡಿಯ ಲೈಸೆನ್ಸು. ಅಲ್ಲಿಂದ ಇನ್ನಷ್ಟು ವರ್ಷ ಕಳೆದರೆ ಇಡೀ ಪಾಳಿಯ ಹೊಣೆ ಹೊರುವ ಶಿಫ್ಟ್ ಚಾರ್ಜ್ ಇಂಜಿನಿಯರ್ ಹುದ್ದೆ. ಸ್ಥಾವರದ ಮುಖ್ಯಸ್ಥರು ಸಾಮಾನ್ಯವಾಗಿ ಈ ದಾರಿಯಲ್ಲಿ ನಡೆದವರೇ. ಸುರಕ್ಷತಾ ವಿಶ್ಲೇಷಣೆ, ವಿನ್ಯಾಸ, ರಸಾಯನ ಪ್ರಯೋಗಾಲಯ, ಗುಣಮಟ್ಟ ವಿಭಾಗಗಳಲ್ಲಿ ಮೂವತ್ತು ವರ್ಷ ದುಡಿದವರ ಪರಿಣತಿಗೆ ಗೌರವ ಸಿಗುತ್ತದೆ, ಆದರೆ ಸ್ಥಾವರದ ಚುಕ್ಕಾಣಿ ಅವರ ಕೈಗೆ ಬರುವುದು ಅಪರೂಪ.

ಆದ್ದರಿಂದ ಇಲ್ಲಿ ಕ್ಷೇತ್ರದ ಗಡಿಯೇ ಏಣಿಯ ಗಡಿ. ಮಹಿಳೆಯನ್ನು ಪಾಳಿಯಿಂದ ಹೊರಗಿಟ್ಟರೆ ಸಾಕು, ಬಡ್ತಿಯಿಂದ ಹೊರಗಿಡಲು ಯಾರೂ ಪ್ರತ್ಯೇಕವಾಗಿ ಪ್ರಯತ್ನಿಸಬೇಕಾಗಿಲ್ಲ. ರಾಸಿಟರ್ ಅವರ ಎರಡು ಪರಿಕಲ್ಪನೆಗಳು ಸ್ಥಾವರದಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ ಎಂದು ಒಪ್ಪಿದರೆ, ಮುಂದಿನ ಪ್ರಶ್ನೆ ಸ್ಪಷ್ಟ: ಮಹಿಳೆಯರನ್ನು ಪಾಳಿಯಿಂದ ದೂರವಿಟ್ಟದ್ದು ಏನು?

ವಿಕಿರಣ ಮಿತಿ: ಎಷ್ಟರ ಮಟ್ಟಿಗೆ ಕಾರಣ?

ಸಾಮಾನ್ಯವಾಗಿ ಬರುವ ಉತ್ತರ ಗರ್ಭ ಮತ್ತು ವಿಕಿರಣ. ಈ ಆತಂಕಕ್ಕೆ ವೈಜ್ಞಾನಿಕ ಆಧಾರವಿದೆ. ಗರ್ಭಿಣಿಯರಿಗೆ ಎಕ್ಸ್‌ರೇ ತೆಗೆಸಿದರೆ ಹುಟ್ಟುವ ಮಕ್ಕಳಲ್ಲಿ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ ಎಂದು ಆಕ್ಸ್‌ಫರ್ಡ್‌ನ ಆಲಿಸ್ ಸ್ಟೂವರ್ಟ್ 1956ರಲ್ಲೇ ಎಚ್ಚರಿಸಿದ್ದರು. ಗರ್ಭದ 8ರಿಂದ 15ನೇ ವಾರದ ಅವಧಿ ಮಿದುಳಿನ ಬೆಳವಣಿಗೆಯ ದೃಷ್ಟಿಯಿಂದ ಅತಿ ಸೂಕ್ಷ್ಮ ಎಂಬುದು ಹಿರೋಶಿಮಾ, ನಾಗಾಸಾಕಿಗಳ ದತ್ತಾಂಶದಿಂದ ತಿಳಿಯಿತು.

ನಿಯಮಗಳ ಇತಿಹಾಸದಲ್ಲಿ ಒಂದು ತಿರುವು ಕಾಣುತ್ತದೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 1960ರ ದಶಕದಲ್ಲಿ, ಮಕ್ಕಳಾಗುವ ವಯಸ್ಸಿನ ಎಲ್ಲ ಮಹಿಳಾ ಉದ್ಯೋಗಿಗಳಿಗೂ ಮೂರು ತಿಂಗಳ ಪ್ರತ್ಯೇಕ ಮಿತಿಯನ್ನು ಶಿಫಾರಸು ಮಾಡಿತ್ತು. 1990ರಲ್ಲಿ ಅದು ನಿಲುವು ಬದಲಿಸಿತು: ಗರ್ಭಿಣಿಯಲ್ಲದ ಮಹಿಳೆಗೆ ಪುರುಷನಿಗಿರುವ ಮಿತಿಯೇ ಸಾಕು, ವಿಶೇಷ ರಕ್ಷಣೆ ಬೇಕಾದದ್ದು ಗರ್ಭ ಧರಿಸಿದ ವಿಷಯ ತಿಳಿಸಿದ ಮೇಲೆ. 2007ರ ಶಿಫಾರಸಿನಂತೆ ಆ ಹಂತದಿಂದ ಹೆರಿಗೆಯವರೆಗೆ ಭ್ರೂಣಕ್ಕೆ ತಗಲುವ ಡೋಸ್ 1 ಮಿಲಿಸೀವರ್ಟ್ ಮೀರಬಾರದು. ಎಲ್ಲ ದೇಶಗಳೂ ಈ ತಿರುವನ್ನು ಪೂರ್ತಿ ಅನುಸರಿಸಲಿಲ್ಲ. ಬ್ರಿಟನ್ನಿನ 2017ರ ನಿಯಮಗಳಲ್ಲೂ ಮಕ್ಕಳಾಗುವ ಸಾಧ್ಯತೆಯಿರುವ ಮಹಿಳೆಯ ಹೊಟ್ಟೆಗೆ ಮೂರು ತಿಂಗಳಲ್ಲಿ 13 ಮಿಲಿಸೀವರ್ಟ್ ಎಂಬ ಮಿತಿ ಉಳಿದಿದೆ. ಜಪಾನಿನಲ್ಲಿ ಮಹಿಳೆಯರಿಗೆ ಮೂರು ತಿಂಗಳಿಗೆ 5 ಮಿಲಿಸೀವರ್ಟ್. 2011ರಲ್ಲಿ ಫುಕುಶಿಮಾ ದುರಂತದ ವೇಳೆ ಅಲ್ಲಿದ್ದ ಮಹಿಳಾ ಸಿಬ್ಬಂದಿ ಈ ಮಿತಿ ದಾಟಿದ್ದು ಸುದ್ದಿಯಾಯಿತು. ಭಾರತದಲ್ಲಿ ಎಲ್ಲ ವಿಕಿರಣ ಉದ್ಯೋಗಿಗಳಿಗೂ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ ಗರಿಷ್ಠ 30 ಮಿಲಿಸೀವರ್ಟ್. ಗರ್ಭಿಣಿ ಎಂದು ತಿಳಿದ ಕೂಡಲೇ ಉದ್ಯೋಗಿಯು ತಿಳಿಸಬೇಕು ಎಂದು 2004ರ ಅಣುಶಕ್ತಿ (ವಿಕಿರಣ ಸಂರಕ್ಷಣೆ) ನಿಯಮಗಳು ಹೇಳುತ್ತವೆ.

ಈ 1 ಮಿಲಿಸೀವರ್ಟ್ ಮಿತಿಯಿಂದಾಗಿ ಗರ್ಭಿಣಿಯನ್ನು ಸ್ಥಾವರದ ಕೆಲಸದಿಂದಲೇ ತೆಗೆಯಬೇಕಾಗುತ್ತದೆಯೆ? ಲೆಕ್ಕ ಹಾಕಿ ನೋಡಬಹುದು. ವಿಶ್ವಸಂಸ್ಥೆಯ ಅಣು ವಿಕಿರಣ ಪರಿಣಾಮಗಳ ವೈಜ್ಞಾನಿಕ ಸಮಿತಿಯ ಪ್ರಕಾರ ಅಣು ಇಂಧನ ಚಕ್ರದ ಉದ್ಯೋಗಿಗಳಿಗೆ ತಗಲುತ್ತಿದ್ದ ವಾರ್ಷಿಕ ಸರಾಸರಿ ಡೋಸ್ 1970ರ ದಶಕದ ಕೊನೆಯಲ್ಲಿ 4.4 ಮಿಲಿಸೀವರ್ಟ್ ಇದ್ದದ್ದು 2000ದ ಹೊತ್ತಿಗೆ 1.0ಕ್ಕೆ ಇಳಿಯಿತು. ಎರಡನೇ ತಿಂಗಳ ಕೊನೆಗೆ ವಿಷಯ ತಿಳಿಸಿದಳು ಎಂದಿಟ್ಟುಕೊಂಡರೆ ಉಳಿದ ಏಳು ತಿಂಗಳಿಗೆ ಸರಾಸರಿ ಉದ್ಯೋಗಿಗೆ ತಗಲುವುದು ಸುಮಾರು 0.6 ಮಿಲಿಸೀವರ್ಟ್. ಏನೂ ಬದಲಿಸದಿದ್ದರೂ ಮಿತಿಯ ಒಳಗೇ. ವಿಷಯ ತಿಳಿಯುವ ಮೊದಲಿನ ಎರಡು ತಿಂಗಳಲ್ಲಿ, ವರ್ಷಕ್ಕೆ 20ರ ಪೂರ್ಣ ಪ್ರಮಾಣದಲ್ಲೇ ಡೋಸ್ ತಗಲಿದರೂ ಆಗುವುದು 3.3 ಮಿಲಿಸೀವರ್ಟ್. ಅಂಗವೈಕಲ್ಯದಂಥ ನೇರ ಪರಿಣಾಮಗಳ ಹೊಸ್ತಿಲು ಸುಮಾರು 100. ನಿಯಂತ್ರಣ ಕೊಠಡಿಯೊಳಗಂತೂ ಡೋಸ್ ನಗಣ್ಯ.

ಈ ಲೆಕ್ಕಕ್ಕೆ ಎರಡು ತಿದ್ದುಪಡಿಗಳು ಬೇಕು. ಸರಾಸರಿ ಎಂಬುದು ಮೋಸಗಾರ. ನಿರ್ವಹಣೆಗಾಗಿ ರಿಯಾಕ್ಟರ್ ನಿಲ್ಲಿಸಿದಾಗ ಕೆಲವರಿಗೆ ವಾರದಲ್ಲೇ ವರ್ಷದ ಡೋಸ್ ತಗಲಬಹುದು. ಎರಡನೆಯದು ನಮ್ಮ ದೇಶಕ್ಕೆ ಇನ್ನೂ ಮುಖ್ಯ. ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ಟ್ರಿಟಿಯಂ ಉತ್ಪತ್ತಿಯಾಗುತ್ತದೆ. ಭಾರಜಲ ಸೋರಿ ಆವಿಯಾದರೆ ಅದು ಉಸಿರಿನ ಮೂಲಕವೂ ಚರ್ಮದ ಮೂಲಕವೂ ಮೈ ಸೇರುತ್ತದೆ. ಎದೆಯ ಮೇಲಿನ ಬ್ಯಾಡ್ಜಿಗೆ ಅದು ಕಾಣುವುದಿಲ್ಲ, ಮೂತ್ರ ಪರೀಕ್ಷೆಯಿಂದಲೇ ಗೊತ್ತಾಗಬೇಕು. ತಾಯಿಯ ಮೈನೀರಿನಲ್ಲಿ ಬೆರೆತ ಟ್ರಿಟಿಯಂ ಭ್ರೂಣವನ್ನೂ ತಲುಪುತ್ತದೆ. ಆದ್ದರಿಂದ ಗರ್ಭಿಣಿಯನ್ನು ಕೆಲವು ಕೋಣೆಗಳಿಂದ, ಕೆಲವು ಕೆಲಸಗಳಿಂದ ದೂರವಿಡುವುದು ನ್ಯಾಯವೇ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೂಲ ಸುರಕ್ಷತಾ ಮಾನದಂಡಗಳು ಹೇಳುವುದೂ ಇದನ್ನೇ: ಗರ್ಭಿಣಿ ಎಂಬುದು ಕೆಲಸದಿಂದ ಹೊರಗಿಡಲು ಕಾರಣವಾಗಬಾರದು, ಕೆಲಸದ ಪರಿಸ್ಥಿತಿಯನ್ನು ಹೊಂದಿಸಬೇಕು.

ಸಮಸ್ಯೆ ಇರುವುದು ಆ ಹೊಂದಾಣಿಕೆಯ ಸ್ವರೂಪದಲ್ಲಿ. ಮೇಜಿನ ಕೆಲಸಕ್ಕೆ ಹಾಕಿದರೆ ನೌಕರಿ ಉಳಿಯುತ್ತದೆ, ಲೈಸೆನ್ಸಿಗೆ ಬೇಕಾದ ಅನುಭವದ ಗಡಿಯಾರ ನಿಲ್ಲುತ್ತದೆ. ಇದನ್ನು ಅರಿತವರು ಗರ್ಭವನ್ನೇ ಮುಚ್ಚಿಟ್ಟ ನಿದರ್ಶನ ಚರಿತ್ರೆಯಲ್ಲಿದೆ. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಮೊದಲ ರಿಯಾಕ್ಟರ್ ಚಾಲನೆಗೊಂಡಾಗ ಆ ತಂಡದಲ್ಲಿದ್ದ ಒಬ್ಬಳೇ ಮಹಿಳೆ ಲಿಯೋನಾ ವುಡ್ಸ್. ಮುಂದಿನ ವರ್ಷ ಮದುವೆಯಾಗಿ ಬಸಿರಾದಾಗ, ಗೊತ್ತಾದರೆ ರಿಯಾಕ್ಟರ್ ಕಟ್ಟಡಕ್ಕೆ ಬಿಡಲಾರರು ಎಂದು ಆಕೆ ಮೇಲಧಿಕಾರಿ ವಾಲ್ಟರ್ ಜಿನ್ ಅವರಿಗೆ ತಿಳಿಸಲಿಲ್ಲ. ಗುಟ್ಟು ತಂಡದ ನಾಯಕ ಎನ್ರಿಕೊ ಫರ್ಮಿಗೆ ಗೊತ್ತಿತ್ತು. ಸಡಿಲವಾದ ಡೆನಿಮ್ ಬಟ್ಟೆ ತೊಟ್ಟು ಹೆರಿಗೆಗೆ ಎರಡು ದಿನ ಮುಂಚಿನವರೆಗೂ ದುಡಿದಳು. ಒಂದು ವಾರ ಆಸ್ಪತ್ರೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದಳು. ಇದನ್ನು ಸಾಹಸಗಾಥೆಯಾಗಿ ಹೇಳುವ ರೂಢಿಯಿದೆ. ಹೊರಗಿಡುವ ನಿಯಮವಿದ್ದಲ್ಲಿ ಸತ್ಯ ಬಚ್ಚಿಡಬೇಕಾಗುತ್ತದೆ, ಆಗ ರಕ್ಷಣೆ ಬೇಕಾದ ಕೂಸೇ ರಕ್ಷಣೆಯಿಂದ ತಪ್ಪಿಹೋಗುತ್ತದೆ ಎಂದು ಓದುವುದು ಹೆಚ್ಚು ಸರಿ. ಅಮೆರಿಕದ ಸುಪ್ರೀಂ ಕೋರ್ಟು 1991ರ ಜಾನ್ಸನ್ ಕಂಟ್ರೋಲ್ಸ್ ಪ್ರಕರಣದಲ್ಲಿ, ಭ್ರೂಣದ ಹೆಸರಿನಲ್ಲಿ ಮಹಿಳೆಯರನ್ನು ಕೆಲಸದಿಂದ ಹೊರಗಿಡುವುದು ಲಿಂಗ ತಾರತಮ್ಯ ಎಂದಿತು. ಅಲ್ಲಿನ ಅಣು ನಿಯಂತ್ರಣ ಆಯೋಗವು ಅದೇ ವರ್ಷ ಪ್ರಕಟಿಸಿದ ಪರಿಷ್ಕೃತ ನಿಯಮಗಳಲ್ಲಿ ಗರ್ಭದ ಘೋಷಣೆಯನ್ನು ಮಹಿಳೆಯ ಇಚ್ಛೆಗೆ ಬಿಟ್ಟಿತು.

ಒಟ್ಟಿನಲ್ಲಿ, ವಿಕಿರಣ ಮಿತಿಯು ಒಬ್ಬ ಮಹಿಳೆಯ ವೃತ್ತಿಯಿಂದ ಕೆಲವು ತಿಂಗಳುಗಳನ್ನು ಕಸಿಯಬಲ್ಲದು. ಇಡೀ ಪೀಳಿಗೆಯನ್ನು ಪಾಳಿಯಿಂದ ಹೊರಗಿಡುವ ಶಕ್ತಿ ಅದಕ್ಕಿಲ್ಲ.

64ನೇ ಕಲಮಿನ ಸಾಕ್ಷ್ಯ

ಆ ಶಕ್ತಿ ಇದ್ದ ನಿಯಮ ಬೇರೊಂದಿತ್ತು. ಕಾರ್ಖಾನೆಗಳ ಕಾಯಿದೆಯಲ್ಲಿ ವಿದ್ಯುತ್ ಉತ್ಪಾದನೆಯೂ ‘ತಯಾರಿಕಾ ಪ್ರಕ್ರಿಯೆ’ಯೇ ಆಗಿತ್ತು. 1962ರ ಅಣುಶಕ್ತಿ ಕಾಯಿದೆಯ 23ನೇ ಕಲಮು ಅಣುಶಕ್ತಿ ಕಾರ್ಖಾನೆಗಳಲ್ಲಿ ಈ ಕಾಯಿದೆಯ ಜಾರಿಯನ್ನು ರಾಜ್ಯಗಳ ಬದಲು ಕೇಂದ್ರ ಸರ್ಕಾರಕ್ಕೆ ವಹಿಸಿತ್ತು. 1996ರಲ್ಲಿ ಇದಕ್ಕಾಗಿ ಪ್ರತ್ಯೇಕ ನಿಯಮಗಳೂ ಬಂದವು. ಎಂದರೆ ಅಣುಸ್ಥಾವರಗಳು ಕಾರ್ಖಾನೆ ಕಾಯಿದೆಯ ಹೊರಗಿರಲಿಲ್ಲ, ಜಾರಿ ಮಾಡುವ ಕೈ ಮಾತ್ರ ಬೇರೆಯಾಗಿತ್ತು.

ಆ ಕಾಯಿದೆಯ 66(1)(ಬಿ) ಪ್ರಕಾರ ಬೆಳಿಗ್ಗೆ 6ರಿಂದ ಸಂಜೆ 7ರ ವೇಳೆ ಬಿಟ್ಟು ಬೇರೆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಮಹಿಳೆಯರನ್ನು ದುಡಿಸುವಂತಿರಲಿಲ್ಲ. ಸರ್ಕಾರ ಈ ವೇಳೆಯನ್ನು ತುಸು ಹಿಂದೆಮುಂದೆ ಮಾಡಬಹುದಿತ್ತಾದರೂ ರಾತ್ರಿ 10ರಿಂದ ಬೆಳಗಿನ 5ರವರೆಗಿನ ನಿಷೇಧವನ್ನು ಸಡಿಲಿಸುವಂತಿರಲಿಲ್ಲ. ಇಷ್ಟು ಎಲ್ಲರಿಗೂ ತಿಳಿದದ್ದೇ. ಇದು ಕೂಲಿ ಕಾರ್ಮಿಕರನ್ನು ಕುರಿತ ನಿಯಮ, ಇಂಜಿನಿಯರ್‌ಗಳಿಗೂ ಅಧಿಕಾರಿಗಳಿಗೂ ಅನ್ವಯಿಸದು ಎಂಬ ಭಾವನೆ ಸಾಮಾನ್ಯ. ಬಹುಶಃ ಅದಕ್ಕೇ ಅಣುವಿಜ್ಞಾನದ ಮಹಿಳೆಯರ ಬಗ್ಗೆ ಬರೆದವರು ಈ ಕಾಯಿದೆಯತ್ತ ನೋಡಲಿಲ್ಲ.

64ನೇ ಕಲಮನ್ನು ಓದಿದರೆ ಈ ಭಾವನೆ ನಿಲ್ಲುವುದಿಲ್ಲ. ಮೇಲ್ವಿಚಾರಣೆ ಅಥವಾ ಆಡಳಿತದ ಹುದ್ದೆಯಲ್ಲಿರುವವರು ಯಾರು ಎಂದು ನಿಯಮದ ಮೂಲಕ ಗುರುತಿಸಿ, ಅವರನ್ನು ಕೆಲಸದ ವೇಳೆಯ ಅಧ್ಯಾಯದಿಂದ ಹೊರಗಿಡುವ ಅಧಿಕಾರವನ್ನು ಆ ಕಲಮು ಕೊಟ್ಟಿತ್ತು. ಆದರೆ ಹಾಗೆ ಹೊರಗಿಡುವಾಗಲೇ ಒಂದನ್ನು ಹಿಡಿದಿಟ್ಟುಕೊಂಡಿತ್ತು: 66(1)(ಬಿ) ಮತ್ತು ಅದರ ಷರತ್ತುಗಳಿಗೆ ಈ ವಿನಾಯಿತಿ ಇರಲಿಲ್ಲ. ಅಧ್ಯಾಯದ ಉಳಿದೆಲ್ಲ ಕಟ್ಟುಗಳಿಂದ ಮೇಲ್ವಿಚಾರಕಿ ಪಾರಾಗಬಹುದಿತ್ತು, ರಾತ್ರಿಯ ನಿಷೇಧದಿಂದ ಮಾತ್ರ ಇಲ್ಲ.

ಇದರ ತೂಕ ತಿಳಿಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 89ನೇ ಒಡಂಬಡಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಅದೂ 1948ರದೇ, ಭಾರತ 1950ರಲ್ಲಿ ಒಪ್ಪಿ ಸಹಿ ಹಾಕಿತು. ಉದ್ಯಮಗಳಲ್ಲಿ ಮಹಿಳೆಯರ ರಾತ್ರಿ ದುಡಿಮೆಯನ್ನು ನಿಷೇಧಿಸಿದ ಆ ಒಡಂಬಡಿಕೆಯೇ ಹೊಣೆಗಾರಿಕೆಯ ಆಡಳಿತ ಅಥವಾ ತಾಂತ್ರಿಕ ಹುದ್ದೆಯಲ್ಲಿರುವ ಮಹಿಳೆಯರನ್ನು ಹೊರತುಪಡಿಸಿತ್ತು. 1892ರಿಂದ 2001ರವರೆಗೆ ಉದ್ಯಮದಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ನಿಷೇಧವಿದ್ದ ಫ್ರಾನ್ಸ್‌ನ ಕಾನೂನಿನಲ್ಲೂ ಇಂಥ ಹೊರತು ಇತ್ತು. ಭಾರತದ ಕಾಯಿದೆ ಆ ಕಿಂಡಿಯನ್ನೂ ಮುಚ್ಚಿತು. ಇಷ್ಟಾದರೂ ಒಂದು ಬಾಗಿಲು ತೆರೆದೇ ಇತ್ತು. ಮೀನು ಒಣಗಿಸುವ, ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಸರಕು ಕೆಡದಂತೆ ನೋಡಿಕೊಳ್ಳಲು ಮಹಿಳೆಯರನ್ನು ನಿಷೇಧಿತ ವೇಳೆಯಲ್ಲೂ ದುಡಿಸಬಹುದೆಂದು 66(2) ಅವಕಾಶ ಕೊಟ್ಟಿತ್ತು. ಕಾರವಾರದ ಕಡಲಂಚಿನ ಮೀನಿನ ಕಾರ್ಖಾನೆಯಲ್ಲಿ ಹೆಣ್ಣಾಳು ರಾತ್ರಿ ದುಡಿಯಲು ಕಾನೂನಿನ ದಾರಿಯಿತ್ತು. ಅದೇ ಜಿಲ್ಲೆಯ ಕೈಗಾದಲ್ಲಿ ಇಂಜಿನಿಯರ್ ಹೆಣ್ಣುಮಗಳಿಗೆ ಆ ದಾರಿ ಇರಲಿಲ್ಲ.

ರಿಯಾಕ್ಟರಿನ ದುಡಿಮೆಯಲ್ಲಿ ರಾತ್ರಿಯನ್ನು ಬಿಟ್ಟು ಹಗಲನ್ನು ಆರಿಸಿಕೊಳ್ಳುವುದು ಸಾಧ್ಯವಿಲ್ಲ. ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಅಂದಿನ ವಿಶ್ವದಾಖಲೆ ಸ್ಥಾಪಿಸಿತು. ಅಷ್ಟೂ ರಾತ್ರಿ ಯಾರೋ ಪಾಳಿಯಲ್ಲಿದ್ದರು. ಸರದಿಯ ಪಾಳಿಯಲ್ಲಿ ರಾತ್ರಿಗೆ ಬಾರದವರು ಪಾಳಿಯ ತಂಡದ ಸದಸ್ಯರಾಗಲಾರರು. ಆ ತಂಡದಲ್ಲಿಲ್ಲದವರಿಗೆ ಲೈಸೆನ್ಸಿನ ಅನುಭವವಿಲ್ಲ, ಲೈಸೆನ್ಸಿಲ್ಲದವರು ಶಿಫ್ಟ್ ಚಾರ್ಜ್ ಇಂಜಿನಿಯರ್ ಆಗಲಾರರು.

ಮದ್ರಾಸ್ ಹೈಕೋರ್ಟು ವಸಂತಾ ಪ್ರಕರಣದಲ್ಲಿ 66(1)(ಬಿ)ಯನ್ನು ಸಂವಿಧಾನಬಾಹಿರ ಎಂದು ತಳ್ಳಿಹಾಕಿದ್ದು 2000ದ ಡಿಸೆಂಬರಿನಲ್ಲಿ. ಕೈಗಾದ ಒಂದನೇ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು ಅದರ ಹಿಂದಿನ ತಿಂಗಳು. ಅಷ್ಟರಲ್ಲಿ ತಾರಾಪುರ, ರಾಜಸ್ಥಾನ, ಕಲ್ಪಾಕ್ಕಂ, ನರೋರಾ, ಕಾಕ್ರಾಪಾರಗಳ ಸ್ಥಾವರಗಳು ನಡೆಯುತ್ತಲೇ ಇದ್ದವು. ತೀರ್ಪಿನ ನಂತರವೂ ರಾಜ್ಯಗಳು ಪ್ರತ್ಯೇಕ ಅಧಿಸೂಚನೆಗಳ ಮೂಲಕ ಒಂದೊಂದಾಗಿ ಬಾಗಿಲು ತೆರೆದವು. ಕರ್ನಾಟಕ ತೆರೆದದ್ದು 2019ರಲ್ಲಿ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಮಹಿಳೆಯ ಒಪ್ಪಿಗೆಯ ಮೇಲೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು.

ಈ ವಿನಾಯಿತಿಗಳ ಷರತ್ತುಗಳನ್ನು ನೋಡಿದರೆ ಅವು ಯಾವ ಬಗೆಯ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು ಎಂಬುದು ಗೊತ್ತಾಗುತ್ತದೆ. ರಾತ್ರಿ ಪಾಳಿಯ ಮಹಿಳೆಯರು ಹತ್ತಕ್ಕಿಂತ ಕಡಿಮೆ ಇರಬಾರದು, ಮೇಲ್ವಿಚಾರಕರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು ಎಂಬಂಥ ಷರತ್ತುಗಳು ಹಲವು ರಾಜ್ಯಗಳ ಆದೇಶಗಳಲ್ಲಿವೆ. ನೂರಾರು ಹೊಲಿಗೆ ಯಂತ್ರಗಳಿರುವ ಗಾರ್ಮೆಂಟ್ಸ್‌ಗೆ ಇದು ಹೊಂದುತ್ತದೆ. ಕೆಲವೇ ಜನರ ತಂಡ ನಡೆಸುವ ನಿಯಂತ್ರಣ ಕೊಠಡಿಗೆ ಹೊಂದದು. ಮೇಲ್ವಿಚಾರಕಿಯಾಗುವ ದಾರಿಯನ್ನೇ ದಶಕಗಳ ಕಾಲ ಮುಚ್ಚಿಟ್ಟು, ಈಗ ಮೇಲ್ವಿಚಾರಕಿಯರಿದ್ದರೆ ಮಾತ್ರ ಉಳಿದವರಿಗೆ ಪ್ರವೇಶ ಎನ್ನುವುದು ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು.

ಎದುರುವಾದಗಳು

ಕಾನೂನಿನ ಪುಸ್ತಕದಲ್ಲಿರುವುದೆಲ್ಲ ಸ್ಥಾವರದ ಅಂಗಳದಲ್ಲಿ ಹಾಗೆಯೇ ನಡೆದಿರಬೇಕಿಲ್ಲ. ನನ್ನ ವಾದದ ಅತ್ಯಂತ ದುರ್ಬಲ ಕೊಂಡಿ ಇದೇ. 66ನೇ ಕಲಮನ್ನು ಉಲ್ಲೇಖಿಸಿ ಇಂಥ ಇಂಜಿನಿಯರಳನ್ನು ಪಾಳಿಗೆ ಹಾಕಲಿಲ್ಲ ಎಂಬ ಕಡತದ ಆಧಾರ ನನ್ನ ವಾದಕ್ಕಿಲ್ಲ. ಇಂಥ ಕಾನೂನು ಕೆಲಸ ಮಾಡುವ ರೀತಿಯೇ ಬೇರೆ ಎಂದಷ್ಟೇ ಹೇಳಬಹುದು. ನೇಮಕದ ದಿನವೇ ‘ಪಾಳಿಗೆ ಆಗದು, ವಿನ್ಯಾಸ ವಿಭಾಗಕ್ಕೆ ಹಾಕೋಣ’ ಎಂಬ ನಿರ್ಧಾರವಾದರೆ ಅದಕ್ಕೆ ಆದೇಶವೂ ಬೇಕಿಲ್ಲ, ಕಡತವೂ ಹುಟ್ಟುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಇಂಥ ನಿಷೇಧವಿಲ್ಲದ ದೇಶಗಳ ಸ್ಥಾವರಗಳಲ್ಲೂ ಮಹಿಳೆಯರು ಕಡಿಮೆಯೇ. ಹೀಗಿರುವಾಗ ಕಾನೂನನ್ನು ಕಾರಣ ಎನ್ನುವುದು ಹೇಗೆ? ಒಪ್ಪಬೇಕಾದ ಮಾತು. ರಾತ್ರಿ ನಿಷೇಧವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಇಂಜಿನಿಯರಿಂಗ್ ಕಾಲೇಜಿನ ತರಗತಿಯಲ್ಲೇ ಹುಡುಗಿಯರು ವಿರಳವಾಗಿದ್ದ ಕಾಲದಲ್ಲಿ ಆ ನಿಷೇಧ ತಡೆದದ್ದು ಎಷ್ಟು ಮಂದಿಯನ್ನು ಎಂಬುದೂ ನ್ಯಾಯವಾದ ಪ್ರಶ್ನೆಯೇ. ನನ್ನ ಹೇಳಿಕೆ ಇಷ್ಟಕ್ಕೆ ಸೀಮಿತ: ಭಾರತದಲ್ಲಿ ಕ್ಷೇತ್ರಕ್ಕೆ ಬಂದ ಮಹಿಳೆಯರು ಯಾವ ವಿಭಾಗಕ್ಕೆ ಹೋದರು, ಯಾವ ಹಂತ ಮುಟ್ಟಿದರು ಎಂಬುದನ್ನು ರೂಪಿಸುವಲ್ಲಿ ವಿಕಿರಣ ನಿಯಮಕ್ಕಿಂತ ರಾತ್ರಿ ನಿಯಮದ ಪಾತ್ರ ದೊಡ್ಡದಿರುವ ಸಂಭವ ಹೆಚ್ಚು. ಎಷ್ಟು ಮಂದಿ ಬಂದರು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ.

ರಿಯಾಕ್ಟರ್ ನಡೆಸುವ ರಾತ್ರಿ ದುಡಿಮೆ ಸ್ವಭಾವತಃ ಮಹಿಳೆಯರಿಗೆ ಒಗ್ಗದು ಎಂಬ ಮೂರನೆಯ ವಾದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಓಕ್ ರಿಡ್ಜ್‌ನ ವೈ-12 ಕಾರ್ಖಾನೆಯಲ್ಲಿ ಯುರೇನಿಯಂ ಬೇರ್ಪಡಿಸುವ ಕ್ಯಾಲುಟ್ರಾನ್ ಯಂತ್ರಗಳ ಮುಂದೆ ಹಗಲಿರುಳು ಪಾಳಿಯಲ್ಲಿ ಕೂತವರು ಬಹುತೇಕ ಹೈಸ್ಕೂಲು ಮುಗಿಸಿದ ಟೆನೆಸಿಯ ಹುಡುಗಿಯರು. ವಿಜ್ಞಾನಿಗಳ ತಂಡದೊಡನೆ ನಡೆದ ಉತ್ಪಾದನಾ ಪಂದ್ಯದಲ್ಲಿ ಈ ಹುಡುಗಿಯರೇ ಗೆದ್ದರು ಎಂದು ಮ್ಯಾನ್‌ಹಟನ್ ಯೋಜನೆಯ ಅಧಿಕಾರಿ ಕೆನೆತ್ ನಿಕೋಲ್ಸ್ ಬರೆದಿದ್ದಾರೆ. ಅಣು ಉದ್ಯಮದ ಮೊದಲ ಪಾಳಿ ಚಾಲಕರಲ್ಲಿ ದೊಡ್ಡ ಪಾಲು ಮಹಿಳೆಯರದೇ.

ಮುಂದಿನ ದಾರಿ

ಈ ವಾದ ಸರಿಯಾದರೆ ಎರಡು ಪರಿಣಾಮಗಳಿವೆ. ಒಂದು ಕಾಲದ ಅಂತರಕ್ಕೆ ಸಂಬಂಧಿಸಿದ್ದು. ಇಂದು ಸ್ಥಾವರದ ಮುಖ್ಯಸ್ಥರಾಗುವ ವಯಸ್ಸಿನವರು ಕೆಲಸಕ್ಕೆ ಸೇರಿದ್ದು 1990ರ ಆಸುಪಾಸಿನಲ್ಲಿ, ನಿಷೇಧ ಪೂರ್ಣ ಜಾರಿಯಲ್ಲಿದ್ದಾಗ. ಮೇಲಿನ ಹುದ್ದೆಗಳ ಇಂದಿನ ಲೆಕ್ಕ ತೋರಿಸುವುದು ಅಂದಿನ ಕಾನೂನಿನ ಫಲವನ್ನು. ಇದನ್ನು ನೋಡಿ ಇಂದಿನ ಹೆಣ್ಣುಮಕ್ಕಳ ಆಸಕ್ತಿಯನ್ನೋ ಸಾಮರ್ಥ್ಯವನ್ನೋ ಅಳೆಯುವುದು ತಪ್ಪು.

ಇನ್ನೊಂದು ನೀತಿಗೆ ಸಂಬಂಧಿಸಿದ್ದು. ಶಾಲೆಗಳಲ್ಲಿ ಪ್ರಚಾರ, ವಿದ್ಯಾರ್ಥಿವೇತನಗಳು ಬೇಕೇ ಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2020ರಲ್ಲಿ ಆರಂಭಿಸಿದ ಮೇರಿ ಕ್ಯೂರಿ ಫೆಲೋಶಿಪ್‌ನ ಪ್ರಯೋಜನ ಸಣ್ಣದಲ್ಲ. ಆದರೆ ಬಂದವರು ಪಾಳಿಯ ತಂಡ ಸೇರದಿದ್ದರೆ ಸಂಖ್ಯೆ ಹೆಚ್ಚಿದರೂ ಅಧಿಕಾರ ಹಂಚಿಕೆಯಾಗದು. ಗರ್ಭಿಣಿಯನ್ನು ಮೇಜಿನ ಕೆಲಸಕ್ಕೆ ಹಾಕುವ ಬದಲು ತರಬೇತಿ ಸಿಮ್ಯುಲೇಟರ್‌ಗೆ ಕಳುಹಿಸಿ, ಆ ಗಂಟೆಗಳಲ್ಲಿ ಒಂದು ಭಾಗವನ್ನು ಲೈಸೆನ್ಸಿನ ಅನುಭವಕ್ಕೆ ಸೇರಿಸಬಹುದು. ಅಲ್ಲಿ ನಿಯಂತ್ರಣ ಫಲಕವಿದೆ, ವಿಕಿರಣವಿಲ್ಲ. ರಾತ್ರಿ ಪಾಳಿಯ ಷರತ್ತುಗಳನ್ನು ತಲೆ ಎಣಿಕೆಯಿಂದ ಬಿಡಿಸಿ, ವಾಹನ, ವಿಶ್ರಾಂತಿ ಕೊಠಡಿ, ಶಿಶುಪಾಲನೆಗಳ ಏರ್ಪಾಟಿಗೆ ಜೋಡಿಸಬಹುದು. ಕೈಗಾದಂಥ ಕಾಡಿನ ನಡುವಿನ ಸ್ಥಾವರಗಳಲ್ಲಿ ಉದ್ಯೋಗಿಗಳು ವಸತಿ ಬಡಾವಣೆಯಲ್ಲೇ ಇರುವುದರಿಂದ ಇದು ನಗರದ ಕಾರ್ಖಾನೆಗಳಿಗಿಂತ ಸುಲಭ.

ವಾದವನ್ನು ಪರೀಕ್ಷಿಸುವ ಬಗೆಯೊಂದನ್ನು ಸೂಚಿಸಬಹುದು. ಟ್ರಾಂಬೆಯ ತರಬೇತಿ ಶಾಲೆ 1957ರಿಂದ ಪ್ರತಿವರ್ಷ ಪದವೀಧರರನ್ನು ಆಯ್ದು ತರಬೇತಿ ಕೊಟ್ಟು ಅಣುಶಕ್ತಿ ಇಲಾಖೆಯ ಬೇರೆಬೇರೆ ಘಟಕಗಳಿಗೆ ಕಳುಹಿಸುತ್ತ ಬಂದಿದೆ. ಒಂದೇ ಪರೀಕ್ಷೆಯಲ್ಲಿ ಪಾಸಾಗಿ, ಒಂದೇ ವರ್ಷ ಹೊರಬಂದವರಲ್ಲಿ ಎಷ್ಟು ಮಹಿಳೆಯರು ಹಗಲು ಪ್ರಯೋಗಾಲಯಗಳಿಗೆ, ಎಷ್ಟು ಮಂದಿ ಪಾಳಿಯ ರಿಯಾಕ್ಟರುಗಳಿಗೆ ಹೋದರು ಎಂದು ತಂಡವಾರು ಹೋಲಿಸಬೇಕು. ಓದಿದವರೇ ಕಡಿಮೆ ಎಂಬುದೊಂದೇ ಕಾರಣವಾಗಿದ್ದರೆ ಎರಡೂ ಕಡೆ ಮಹಿಳೆಯರ ಪಾಲು ಸರಿಸುಮಾರು ಒಂದೇ ಇರಬೇಕು. ರಾತ್ರಿ ನಿಯಮ ಕೆಲಸ ಮಾಡಿದ್ದರೆ ಪಾಳಿಯ ಕಡೆ ಪಾಲು ಕುಗ್ಗಿರಬೇಕು, 2000ದ ನಂತರದ ತಂಡಗಳಲ್ಲಿ ಆ ಅಂತರ ಕಿರಿದಾಗುತ್ತ ಬಂದಿರಬೇಕು. ಕಾನೂನು ಹೋದ ಮೇಲೂ ಅಂತರ ಹಾಗೆಯೇ ಇದ್ದರೆ, ರೂಢಿ ಮತ್ತು ಕುಟುಂಬದ ಹೊರೆಗಳ ಕಡೆಗೆ ಹೆಚ್ಚು ನೋಡಬೇಕಾಗುತ್ತದೆ, ನನ್ನ ವಾದವನ್ನೂ ಅಷ್ಟರಮಟ್ಟಿಗೆ ತಗ್ಗಿಸಬೇಕಾಗುತ್ತದೆ. ಸ್ಥಾವರಗಳು ತಮ್ಮದೇ ಪರೀಕ್ಷೆಗಳ ಮೂಲಕ ನೇರ ನೇಮಕ ಮಾಡಿಕೊಂಡವರನ್ನು ಈ ಹೋಲಿಕೆಯಲ್ಲಿ ಪ್ರತ್ಯೇಕವಾಗಿ ಎಣಿಸಬೇಕು. ಪಾಳಿಯಲ್ಲಿ ದುಡಿದ ಮೊದಲ ತಲೆಮಾರಿನ ಮಹಿಳೆಯರ ಮೌಖಿಕ ಚರಿತ್ರೆಯನ್ನು, ಅವರು ನಿವೃತ್ತರಾಗುತ್ತಿರುವ ಈ ದಿನಗಳಲ್ಲೇ ದಾಖಲಿಸಿಕೊಳ್ಳಬೇಕು. ಕಾನೂನಿನ ಓದು ಕೇಳಬೇಕಾದ ಪ್ರಶ್ನೆಯನ್ನು ತೋರಿಸಬಲ್ಲದು. ಉತ್ತರ ಸಿಗುವುದು ನೇಮಕದ ಪಟ್ಟಿಗಳಲ್ಲಿ, ಪಾಳಿಯ ಹಾಜರಿ ಪುಸ್ತಕಗಳಲ್ಲಿ, ಆ ತಲೆಮಾರಿನವರ ನೆನಪಿನಲ್ಲಿ.